ಕಾಲುಂಗುರದ ಬೆರಳು

"ಆ ಬೆರಳ ಕೊಯ್ಸಾಕ ಹೊಂಟಿದ್ರ ಉಂಗುರ ಇಲ್ಲೇ ಬಿಚ್ಚಿಟ್ಟು ಹೋಗಬೇ! ನನ್ನ ಮಗ ಇನ್ನಾ ಜೀವಂತ ಅದಾನ!"

ಕೊಳಕೂರಿನ ಆ ಮನೆಯ ಹೊಸ್ತಿಲಲ್ಲಿ ಸಾಬವ್ವ ಎರಡೂ ಕಾಲು ಚಾಚಿ ಅಡ್ಡಲಾಗಿ ಕುಳಿತುಬಿಟ್ಟಿದ್ದಳು. ಒಳಗೆ ಬಟ್ಟೆಯ ಚೀಲ ಹಿಡಿದು ನಿಂತ ಸೊಸೆ ಸುಮಂಗಲಾ. ಹೊರಗೆ ಟಂಟಂ ಆಟೋ ಚಾಲೂ ಮಾಡಿಕೊಂಡು, ಯಾರ ಮುಖವನ್ನೂ ನೋಡಲಾರದೆ ಕುಳಿತ ಮಗ ದಶರಥ. ಕಲಬುರಗಿಯ ದವಾಖಾನೆಯಲ್ಲಿ ಮರುದಿನ ಬೆಳಿಗ್ಗೆ ಸುಮಂಗಲಾಳ ಬಲಗಾಲಿನ ಎರಡನೆಯ ಬೆರಳು ತೆಗೆಯುವವರಿದ್ದರು. ಮದುವೆಯಲ್ಲಿ ಬೆಳ್ಳಿಯ ಉಂಗುರ ತೊಡಿಸಿದ ಬೆರಳು!

ಎರಡು ವರ್ಷದ ಹಿಂದೆ ಹತ್ತಿ ಬಿಡಿಸುವಾಗ ಅದೇ ಬೆರಳಿನ ಅಡಿಗೆ ಜಾಲಿಮುಳ್ಳು ನೆಟ್ಟಿತ್ತು. ಮುಳ್ಳು ಚುಚ್ಚಿದವರೆಲ್ಲ ಬರುವುದು ಸಾಬವ್ವನ ಬಾಗಿಲಿಗೇ. ಅವಳು ಮುಳ್ಳು ಕಿತ್ತು, ಕೇರುಬೀಜ ಕಾಯಿಸಿ, ಅದರ ಸುಡುವ ಎಣ್ಣೆಯನ್ನು ಗಾಯಕ್ಕೆ ಮುಟ್ಟಿಸಿದ್ದಳು. ಗಾಯ ಮಾಯಿತು, ಕರಿ ಗುರುತು ಉಳಿಯಿತು. "ಕೇರಿನ ಕಲಿ ಕರ್ರಗೇ ಇರ್ತದಬೇ," ಎಂದಳು ಅತ್ತೆ. ಸೊಸೆಯೂ ನಂಬಿದಳು. ಉಳಿದವರ ಕಲೆ ಸಿಪ್ಪೆಯಾಗಿ ಉದುರಿಹೋದರೂ ಅವಳದು ಉದುರಲಿಲ್ಲ... ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಅಂಚು ಒಡೆದು ಹರಡುತ್ತ, ಉಂಗುರದ ಹತ್ತಿರಕ್ಕೇ ಬಂತು. ಕೊನೆಗೆ ಕಲಬುರಗಿಯಲ್ಲಿ ಡಾಕ್ಟರ್ ಕರೀಮುನ್ನಿಸಾ ಆ ಕಲೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಮೆಲನೋಮಾ. ಚರ್ಮದ ಕ್ಯಾನ್ಸರ್.

"ಅದು ಬಿಳಿ ಮಂದಿಗೆ, ಬಿಸಿಲಿಗೆ ಬರೂ ರೋಗ ಅಂತಲ್ರಿ ಮೇಡಮ್?" ದಶರಥ ತೊದಲಿದ್ದ.

"ಅವರ ದೇಶದಾಗ ಭಾಳ ಬರ್ತದಪ್ಪ, ಬಿಸಿಲು ಬಿದ್ದ ಮೈಮ್ಯಾಲ. ನಮ್ಮ ಕಡಿ ಅಪರೂಪ, ನಮ್ಮ ಕಪ್ಪು ಬಣ್ಣ ಬಿಸಿಲು ತಡಿತದ. ಆದ್ರ ಬಂದ್ರ ಅಂಗಾಲಿಗಿ, ಅಂಗೈಗಿ, ಉಗುರಿನ ಬುಡಕ ಬರೂದೇ ಹೆಚ್ಚು. ಬಿಸಿಲು ಬೀಳದ ಜಾಗ! ನಮಗ ಬರೂದಿಲ್ಲಂತ ಅಲ್ಲಿ ಯಾರೂ ನೋಡೂದಿಲ್ಲ. ತಡಾ ಆಗಿ ಜೀವ ಹೋಗ್ತಾವ. ಈಕೀದು ಇನ್ನೂ ಬೆರಳಿನಾಗೇ ಇದ್ದಂಗ ಕಾಣ್ತದ. ಈಗ ತೆಗದ್ರ ಬದುಕೂ ಆಸೆ ಚಲೋ ಅದ."

"ಕೇರಿನ ಎಣ್ಣಿಯಿಂದ ಬಂತೇನ್ರಿ?" ಸುಮಂಗಲಾ ಕೇಳಿದ್ದಳು.

"ಹಂಗಂತ ಹೇಳಾಕ ಬರೂದಿಲ್ಲವ್ವ. ಆದ್ರ ಆ ಕಲಿ ಇದನ್ನ ಮುಚ್ಚಿಟ್ಟದ್ದು ಖರೇ."

ದಶರಥ ಮನೆಯಲ್ಲಿ ಅದನ್ನು ಹೇಳಿದ ಗಳಿಗೆಯಿಂದ ಸಾಬವ್ವ ಬೆಂಕಿಯಾಗಿದ್ದಳು. ಮೂವತ್ತು ವರ್ಷದ ಕೈಗುಣಕ್ಕೇ ಕಳಂಕ! ಈಗಲೂ ಹೊಸ್ತಿಲಿನಿಂದಲೇ ಕೂಗಿದಳು:

"ಕರಿ ಕಾಲಿಗಿ ಕರಿ ಚುಕ್ಕಿ ರೋಗಂತ! ಹಂಗಾರ ಎಮ್ಮಿಗೆಲ್ಲ ಆಪರೇಶನ್ ಮಾಡ್ಸಬೇಕಾತು! ಮುತ್ತೈದಿ ಬೆರಳ ಕೊಯ್ಸಿಕೊಂಡು ಬಂದ್ರ ಉಂಗುರ ಎಲ್ಲಿ ಹಾಕ್ತೀ ಬೇ? ನನ್ನ ಮಗಗ ಏನರ ಆದ್ರ...?"

ಹನ್ನೊಂದು ವರ್ಷದಲ್ಲಿ ಎದುರು ಮಾತಾಡಿ ಗೊತ್ತಿಲ್ಲದ ಸೊಸೆ. ಅವಳು ಬಾಗಿದಳು, ಉಂಗುರ ತಿರುವಿ ತಿರುವಿ ಬಿಚ್ಚಿ ಅತ್ತೆಯ ಅಂಗೈಯಲ್ಲಿಟ್ಟಳು.

"ನಿಮ್ಮ ಮಗ ಜೀವಂತ ಇರಬೇಕ್ರಿ ಅತ್ತಿ, ಹೌದು. ನಾನೂ ಇರಬೇಕಲ್ರಿ?"

"ಲೇ ದಶರಥಾ! ಕೇಳಿದೆಲ್ಲೋ ಈಕಿ ಮಾತು!"

"ಕೇಳಿದೆ, ಯವ್ವಾ," ಎಂದ ಅವನು ಮೆಲ್ಲಗೆ. "ಕಾಲು ತಗಿ. ದವಾಖಾನಿಗಿ ತಡಾ ಆಗ್ತದ."

ಸಾಬವ್ವ ಕಾಲು ತೆಗೆಯಲಿಲ್ಲ. ಸುಮಂಗಲಾ ಸೀರೆಯ ನಿರಿಗೆ ಎತ್ತಿ ಹಿಡಿದು, ಅತ್ತೆಯ ಕಾಲನ್ನು ದಾಟಿಯೇ ಹೊರನಡೆದಳು!

ಹದಿನೈದು ದಿನದ ನಂತರ ಟಂಟಂ ಬಂದು ನಿಂತಾಗ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದರು. "ಒಂಬತ್ತು ಬೆರಳಿನಾಕಿ ಬಂದ್ಳು ನೋಡ್ರಿ!" ಎಂದಳು ನೆರೆಮನೆಯ ಗುರುಬಾಯಿ.

ಸುಮಂಗಲಾ ಪಟ್ಟಿ ಕಟ್ಟಿದ ಕಾಲನ್ನು ಸೀರೆಯಿಂದ ಮುಚ್ಚಲಿಲ್ಲ. "ಎಣಿಸಿಕೊ ಅಕ್ಕಾ, ಒಂಬತ್ತೇ ಅವ. ಹತ್ತು ಇದ್ದೋರು ಒಮ್ಮಿ ಅಂಗಾಲು ತಿರುವಿ ನೋಡಿಕೊಳ್ರಿ. ಕರಿ ಕಲಿ ಹೋಗದೆ ಬೆಳಿಯಾಕತ್ತಿದ್ರ ನನ್ನ ಕರೀರಿ, ದವಾಖಾನಿಗಿ ನಾನೇ ಕರಕೊಂಡು ಹೋಗ್ತೇನಿ."

ಅವಳು ಕುಂಟುತ್ತ ಹೊಸ್ತಿಲು ದಾಟಿದಳು, ಹೆಂಗಸರೂ ಬಾಗಿಲವರೆಗೆ ಬಂದರು. ಒಳಗೆ ಸಾಬವ್ವ ಗೋಡೆಗೆ ಒರಗಿ ಕುಳಿತಿದ್ದಳು... ಈ ಹದಿನೈದು ದಿನದಲ್ಲಿ ಮುದುಕಿಯ ಮುಖ ಇಳಿದುಹೋಗಿತ್ತು. ಗೋಡೆಯ ಗೂಡಿನಲ್ಲಿ ಯಾವಾಗಲೂ ಇರುತ್ತಿದ್ದ ಕೇರುಬೀಜದ ಡಬ್ಬಿ ಈಗ ಕಾಣಲಿಲ್ಲ.

"ನಾ ಸುಡದಿದ್ರ... ಮೊದ್ಲೇ ಕಾಣ್ತಿತ್ತೇನಬೇ?"

ಇಲ್ಲ ಎನ್ನಬಹುದಿತ್ತು. ಸುಮಂಗಲಾ ಎನ್ನಲಿಲ್ಲ. "ಕಾಣ್ತಿತ್ತೋ ಏನೋ, ಅತ್ತಿ. ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾತಲ್ರಿ."

ಸಾಬವ್ವನ ಕಣ್ಣು ತುಂಬಿ ಹರಿಯಿತು. ಸೆರಗಿನ ಗಂಟು ಬಿಚ್ಚಿ ಆ ಉಂಗುರ ತೆಗೆದಳು. ಮೊಣಕಾಲೂರಿ, ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಪಟ್ಟಿಯ ಪಕ್ಕದ ಬೆರಳಿಗೆ ಮೆಲ್ಲಗೆ ಉಂಗುರ ಏರಿಸತೊಡಗಿದಳು.

"ಅಯ್ಯ! ನೀವು ನನ್ನ ಕಾಲು ಮುಟ್ಟೂದಾ? ಓಣಿ ಮಂದಿ ಬಾಗಿಲಾಗೇ ನಿಂತಾರ್ರಿ ಅತ್ತಿ, ನೋಡಾಕತ್ತಾರ!"

"ನೋಡ್ಲಿ!" ಸಾಬವ್ವ ತಲೆಯೆತ್ತಲಿಲ್ಲ. "ನಿನ್ನ ಕಾಲು ನೋಡಿ ಆದ ಮ್ಯಾಲ, ತಮ್ಮ ಕಾಲೂ ನೋಡಿಕೊಳ್ಳಲಿ!"