ಬಿಲ್ ಬರುವ ತನಕ

ನನ್ನ ಧಾರೆ ಸೀರೆ ಕೊಳ್ಳುವಾಗ ಹುಡುಗ ಒಂದು ಪೈಸೆಯನ್ನೂ ಕೈಯಿಂದ ಕೊಡಲಿಲ್ಲ. ಅಷ್ಟಕ್ಕೇ ಕೂಡಿಬಂದ ಸಂಬಂಧ ಮುರಿಯುವ ಹಂತಕ್ಕೆ ಬಂತು.

1988ರ ಮಾತು. ಜವಳಿ ತೆಗೆಯಲು ರಾಯಚೂರಿನ ಗುಡುಸಾಬರ ಅಂಗಡಿಗೆ ಹೋಗಿದ್ದೆವು. ಮಾನ್ವಿಯಿಂದ ನಮ್ಮಪ್ಪ ಗಡಿಗೆಪ್ಪ, ಸೋದರತ್ತೆ ಪಾರ್ವತೆಮ್ಮ, ಮತ್ತು ನಾನು, ಹುಲಿಗೆಮ್ಮ. ಹುಡುಗ ಉರುಕುಂದಪ್ಪ ದೇವದುರ್ಗದವರು, ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಫಿಟ್ಟರ್. ತಾಯಿ ದುರುಗಮ್ಮನನ್ನು ಕರೆದುಕೊಂಡು ಅವರು ನೇರವಾಗಿ ಅಂಗಡಿಗೇ ಬಂದಿದ್ದರು.

ಅವರನ್ನು ನಾನು ಅದಕ್ಕೂ ಮೊದಲು ನೋಡಿದ್ದು ಒಂದೇ ಸಲ, ಹೆಣ್ಣು ನೋಡಲು ಬಂದಾಗ. ತಲೆ ತಗ್ಗಿಸಿ ಕೂರಬೇಕೆಂದು ಅತ್ತೆ ಹೇಳಿಕೊಟ್ಟಿದ್ದಳು. ತಗ್ಗಿಸಿದ ತಲೆಗೆ ಕಂಡದ್ದು ಅವರ ಕೈಯಲ್ಲಿದ್ದ ಮುಳ್ಳಿಲ್ಲದ ವಾಚು. ಅಂಕಿಗಳು ತಾವೇ ಬದಲಾಗುತ್ತಿದ್ದವು. "ಇದಕ್ಕ ಕೀಲಿ ಯಾರು ಕೊಡತಾರ್ರಿ?" ಎಂದು ಕೇಳಿಯೇಬಿಟ್ಟೆ. ಅತ್ತೆ ತೊಡೆ ಚಿವುಟಿದಳು. ಅವರು ನಗುತ್ತಾ ವಾಚು ಬಿಚ್ಚಿ ನನ್ನ ಅಂಗೈಯಲ್ಲೇ ಇಟ್ಟರು. ಅವತ್ತೇ ಅವರು ನನಗೆ ಹಿಡಿಸಿಬಿಟ್ಟಿದ್ದರು.

ಅಂಗಡಿಯಲ್ಲಿ ನೇರಳೆ ಬಣ್ಣದ, ಹಳದಿ ಅಂಚಿನ ಸೀರೆ ಆಯ್ಕೆಯಾಯಿತು. ಗುಡುಸಾಬರ ಜೊತೆ ಜಗ್ಗಾಡಿ ಉರುಕುಂದಪ್ಪನವರೇ ರೇಟು ಮುಗಿಸಿದರು. ಆಮೇಲೆ ಅಂಗಿಯ ಜೇಬಿನಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಕಾರ್ಡೊಂದನ್ನು ತೆಗೆದು ಮುಂದಿಟ್ಟರು. ಗುಡುಸಾಬರ ಮುಖ ಅರಳಿತು. ಗಲ್ಲಾದ ಕೆಳಗಿನಿಂದ ಬಟ್ಟೆ ಮುಚ್ಚಿದ್ದ ಯಂತ್ರವೊಂದನ್ನು ಎತ್ತಿ ಧೂಳು ಒರೆಸಿದರು.

"ಬ್ಯಾಂಕಿನವ್ರು ಕೊಟ್ಟು ಹೋದ್ಮ್ಯಾಗ ಎರಡನೇ ಸಲ ತೆಗಿಯಾಕತ್ತೀನಿ ನೋಡ್ರಿ ಇದನ್ನ!"

ಕಾರ್ಡಿನ ಮೇಲೆ ಕಾರ್ಬನ್ ಹಾಕಿದ ಚೀಟಿ ಇಟ್ಟು, ಹಿಡಿಯನ್ನು ಆ ಕಡೆ ಈ ಕಡೆ ಎಳೆದರು. ಕರಕ್, ಕರಕ್. ಚೀಟಿಯ ಮೇಲೆ ಉರುಕುಂದಪ್ಪನವರ ಹೆಸರು ಮೂಡಿತು! ನಾನು ಎಷ್ಟು ಬಗ್ಗಿ ನೋಡುತ್ತಿದ್ದೆನೆಂದರೆ ನನ್ನ ಜಡೆ ಗಲ್ಲಾದ ಮೇಲೆ ಬಿದ್ದಿತ್ತು. ತಲೆ ಎತ್ತಿದರೆ ಅವರು ಚೀಟಿಯನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದರು. ಕೆನ್ನೆ ಬಿಸಿಯಾಯಿತು.

ಅವರು ಸಹಿ ಹಾಕಿದರು. ಗುಡುಸಾಬರು ಪೊಟ್ಟಣ ಕಟ್ಟಿದರು.

"ರೊಕ್ಕ?" ಎಂದಳು ಅತ್ತೆ.

"ಆಮ್ಯಾಲ ಕಟ್ಟತೀನ್ರಿ," ಎಂದರು ಉರುಕುಂದಪ್ಪ.

ಆ 'ಆಮ್ಯಾಲ' ಎಲ್ಲ ಕೆಡಿಸಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಳು. "ಯಣ್ಣಾ, ಕೇಳಿದ್ಯಾ? ಧಾರಿ ಸೀರಿ ಉದ್ರಿ ತಗೊಂಡಾನ! ನಾಳೆ ನಮ್ಮ ಹುಡುಗಿನ್ನ ಉಪಾಸ ಕೆಡವತಾನ!"

ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು. ಇವತ್ತಿನ ಕೂಲಿಯಲ್ಲಿ ಇವತ್ತಿನ ಜೋಳ ತಂದವನು. ಯಾರಿಗೂ 'ಆಮ್ಯಾಲ' ಎಂದು ಹೇಳದೆ ಮನೆ ನಡೆಸಿದ್ದು ಒಂದೇ ಅವನ ಹೆಮ್ಮೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಪೊಟ್ಟಣ ಉರುಕುಂದಪ್ಪನವರ ಕೈಯಲ್ಲೇ ಉಳಿಯಿತು, ನಾವು ಮಾನ್ವಿ ಬಸ್ ಹತ್ತಿದೆವು.

"ರವಿವಾರ ದೇವದುರ್ಗಕ್ಕ ಹೋಗಿ ಸಂಬಂಧ ಬ್ಯಾಡಂತ ಹೇಳಿ ಬರತೀನಿ," ಎಂದ ಅಪ್ಪ, ಮನೆಗೆ ಬಂದ ಮೇಲೆ.

ನನಗೆ ಅಳು ಬರಬೇಕಿತ್ತು, ಬಂತು ಕೂಡ. ಆದರೆ ಅಳುವಿನ ನಡುವೆಯೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ಆ ಗುಡುಸಾಬರು ಒಂದು ಪೈಸೆ ಮುಟ್ಟದೆ ನಗುನಗುತ್ತಾ ಸೀರೆ ಕೊಟ್ಟರಲ್ಲ, ಹೇಗೆ?

ಶುಕ್ರವಾರ ಮಧ್ಯಾಹ್ನ, ನಾನು ಕೆಲಸ ಮಾಡುತ್ತಿದ್ದ ಅಂಗನವಾಡಿಗೆ ಬೀಗ ಹಾಕಿ ತಿರುಗಿದರೆ ಬೇವಿನ ಗಿಡದ ಕೆಳಗೆ ಉರುಕುಂದಪ್ಪ ನಿಂತಿದ್ದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ನಿಮ್ಮಪ್ಪಾರ ಹತ್ರ ಹೋಗಾಕ ಬಂದೀನಿ. ಅದಕ್ಕೂ ಮೊದಲ ನಿಮಗ ಒಂದು ಮಾತು ಹೇಳಬೇಕು ಅನಿಸ್ತು. ಸಿಟ್ಟಿಗೆದ್ದೀರೇನು?"

"ಸಿಟ್ಟು ಇರಲಿ. ಮೊದಲ ಅದನ್ನ ತೋರಸ್ರಿ."

"ಯಾವುದನ್ನ?"

"ಕಾರ್ಡ್!"

ಅವರ ಮುಖ ನೋಡಬೇಕಿತ್ತು. ಬೈಗುಳ ತಿನ್ನಲು ಬಂದವರ ಹಾಗೆ ನಿಂತಿದ್ದರು, ತಬ್ಬಿಬ್ಬಾಗಿ ಕಾರ್ಡ್ ಕೊಟ್ಟರು. ಅಕ್ಷರಗಳು ಉಬ್ಬಿದ್ದವು. ಅವರ ಹೆಸರಿನ ಮೇಲೆ ಬೆರಳಾಡಿಸಿದೆ, ನಿಧಾನಕ್ಕೆ, ಮೊದಲಿನಿಂದ ಕೊನೆಯವರೆಗೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ನೋಡಲಿ ಎಂದು ಇನ್ನೊಮ್ಮೆ ಆಡಿಸಿದೆ.

"ಗುಡುಸಾಬಗ ರೊಕ್ಕ ಕೊಡೋರು ಯಾರು?"

"ಬ್ಯಾಂಕಿನವ್ರು. ತಿಂಗಳಿಗೊಮ್ಮಿ ನನಗ ಬಿಲ್ ಬರತದ. ಬಿಲ್ ಬಂದ ಮ್ಯಾಲೂ ಒಂದಿಷ್ಟು ದಿನ ವೇಳ್ಯಾ ಕೊಡತಾರ. ಅದರೊಳಗ ಪೂರಾ ಕಟ್ಟಿದ್ರ ಬಡ್ಡಿ ಇಲ್ಲ."

"ಕಟ್ಟಲಿಲ್ಲಂದ್ರ?"

"ನೂರಕ್ಕ ತಿಂಗಳಿಗೆ ಎರಡೂವರಿ ರೂಪಾಯಿ."

"ಅಯ್ಯ, ಅದು ಸಾವಕಾರನ ಬಡ್ಡೀನ ಆತಲ್ಲ!"

"ಹೌದು, ಅದಕ್ಕ ನಾ ಒಂದು ಸಲಾನೂ ಉಳಿಸ್ಕೊಂಡಿಲ್ಲ. ನಮ್ಮ ಕ್ವಾರ್ಟರ್ಸಿನಾಂವ ಒಬ್ಬಾಂವ ಇದರ ಮ್ಯಾಲ ಟಿವಿ ತಂದ. ಸ್ವಲ್ಪ ಸ್ವಲ್ಪ ಕಟ್ಟಿದ್ರಾತು ಅಂತ ಬಿಟ್ಟ. ಟಿವಿ ಕೆಟ್ಟು ಮೂಲಿಗೆ ಬಿತ್ತು, ಬಡ್ಡಿ ಇನ್ನಾ ನಡದದ."

ನಗು ಬಂತು. ಆದರೆ ನನ್ನ ಪ್ರಶ್ನೆಗಳು ಮುಗಿದಿರಲಿಲ್ಲ. ಬ್ಯಾಂಕಿಗೇನು ಲಾಭ ಎಂದೆ. ಅಂಗಡಿಯವರಿಂದ ಕಮಿಷನ್ ತೆಗೆದುಕೊಳ್ಳುತ್ತಾರೆ ಎಂದರು.

"ಹಂಗಾದ್ರ ಗುಡುಸಾಬ ಸೀರಿ ರೇಟಿನ್ಯಾಗ ಅದನ್ನ ಸೇರಿಸಿರಬೇಕು!"

"ರೇಟು ಮುಗಿಯೋತನಕ ಕಾರ್ಡ್ ಹೊರಗ ತೆಗದೆ ಏನು?"

ಶಾಣ್ಯಾ ಮನುಷ್ಯ! ಹೊಗಳಿಕೆಯನ್ನು ಬಾಯಿಗೆ ಬರಗೊಡಲಿಲ್ಲ. ಶಕ್ತಿನಗರಕ್ಕೆ ಇಬ್ಬರು ಬ್ಯಾಂಕಿನವರು ಕಾರ್ಡ್ ಕೊಡಲು ಬಂದಿದ್ದರಂತೆ. ಒಬ್ಬರು ಬಣ್ಣಬಣ್ಣದ ಪುಸ್ತಕ ತೋರಿಸಿ ಸೂಟ್‌ಕೇಸ್ ಆಸೆ ಹಚ್ಚಿದರು, ವರ್ಷದ ಫೀ ದೊಡ್ಡದು. ಇವರು ಸೂಟ್‌ಕೇಸ್ ಬಿಟ್ಟು ಕಡಿಮೆ ಫೀ ಇದ್ದ ಕಾರ್ಡ್ ತೆಗೆದುಕೊಂಡರು. ಪಾಸ್‌ಬುಕ್ಕಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚಿನ ಸಾಮಾನನ್ನೂ ಕಾರ್ಡಿನ ಮೇಲೆ ತಂದಿಲ್ಲವಂತೆ.

"ಅಂದ್ರ ಸೀರಿ ರೊಕ್ಕ ನಿಮ್ಮ ಹತ್ರ ಇತ್ತು?"

"ಇತ್ತು. ಅದ."

"ಮತ್ಯಾಕ ಕೊಡಲಿಲ್ಲ?"

"ಬಿಲ್ ಬರೋತನಕ ಬ್ಯಾಂಕಿನ್ಯಾಗ ಇದ್ರ ನಮಗ ಬಡ್ಡಿ ಬರತದ. ಒಂದು ಏಳೆಂಟು ರೂಪಾಯಿ."

"ಏಳೆಂಟು ರೂಪಾಯಿಗೆ ಲಗ್ನ ಕಳಕೊಂತಿದ್ರಿ!"

ಅವರು ತಲೆ ತಗ್ಗಿಸಿದರು. ಈಗ ತಲೆ ತಗ್ಗಿಸುವ ಸರದಿ ಅವರದಾಗಿತ್ತು. ಬೇವಿನ ಎಲೆಯೊಂದನ್ನು ಕಿತ್ತು ಚೂರು ಮಾಡುತ್ತಾ ಹೇಳಿದರು.

"ಅದಕ್ಕಲ್ಲ. ವಾಚ್ ಕೈಯಾಗ ಇಟ್ಟಾಗ ನಿಮ್ಮ ಕಣ್ಣು ಹ್ಯಾಂಗ ದೊಡ್ಡು ಆದ್ವು... ಇನ್ನೊಮ್ಮಿ ನೋಡಬೇಕು ಅನಿಸಿತ್ತು. ಈ ಮಷಿನ್ ಕಂಡ್ರ ಹಂಗ ಆಗತಾವ ಅಂತ ಗೊತ್ತಿತ್ತು."

ಕೇಳಿದ್ದಕ್ಕೆಲ್ಲ ಚಿವುಟಿಸಿಕೊಂಡು ಬೆಳೆದವಳು ನಾನು. ನಾನು ಕೇಳಲಿ ಎಂದೇ ಒಬ್ಬರು ಏನನ್ನಾದರೂ ತಂದು ಮುಂದಿಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಈ ಮನುಷ್ಯನನ್ನು ಬಿಟ್ಟುಕೊಡಬಾರದು ಅನಿಸಿತು.

"ನಡೀರಿ ಮನಿಗೆ," ಎಂದೆ.

ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಅರ್ಧ ತಿಳಿಯಿತೋ ಇಲ್ಲವೋ. ಕೊನೆಗೆ, "ಅದನ್ನ ಕತ್ತರಿಸಿ ಒಗಿ. ಆಮ್ಯಾಲ ಮಾತಾಡೋಣು," ಎಂದ.

ಉರುಕುಂದಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕತ್ರಿ ಕೊಡ್ರಿ," ಎಂದು ಅತ್ತೆಯ ಕಡೆ ಕೈ ಚಾಚಿದರು. ಅತ್ತೆ ಆಗಲೇ ಕತ್ತರಿ ಹಿಡಿದು ಬಂದಿದ್ದಳು. ನಾನು ನಡುವೆ ನಿಂತೆ.

"ಯಪ್ಪಾ, ಸಾಲ ಮಾಡೋನು ಕಾರ್ಡ್ ಇಲ್ಲದಿದ್ರೂ ಮಾಡತಾನ. ಕತ್ತರಿಸಿ ಒಗದ್ರ ನಿನಗ ಏನು ಗೊತ್ತಾದಂಗಾತು? ಇವ್ರು ಹೇಳಿದ್ದು ಖರೇನೋ ಸುಳ್ಳೋ, ಬಿಲ್ ಬಂದಾಗ ನೋಡು."

ಅಪ್ಪ ಅತ್ತೆಯ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕಿಟ್ಟ. "ಬಿಲ್ ಬರಲಿ. ಒಂದು ಪೈಸಾ ಬಡ್ಡಿ ಇದ್ರ ಈ ಸಂಬಂಧ ಇಲ್ಲ."

ಅಂದಿನಿಂದ ನಾನು ಬಿಲ್ಲಿಗಾಗಿ ಕಾದೆ. ನನ್ನ ಓರಗೆಯ ಹುಡುಗಿಯರು ಪತ್ರಕ್ಕೆ ಕಾಯುತ್ತಿದ್ದರು, ನಾನು ಬ್ಯಾಂಕಿನ ಬಿಲ್ಲಿಗೆ! ರವಿವಾರ ಬಂತೆಂದರೆ ಉರುಕುಂದಪ್ಪ ನಮ್ಮ ಬಾಗಿಲಿಗೆ ಹಾಜರು.

"ಬಿಲ್ ಬಂದಿಲ್ರಿ," ಎನ್ನುತ್ತಿದ್ದರು ಅಪ್ಪನಿಗೆ.

ಬಿಲ್ ಬಂದಿಲ್ಲ ಎಂದು ಹೇಳಲು ಯಾರಾದರೂ ಎರಡು ಬಸ್ ಬದಲಿಸಿ ಬರುತ್ತಾರೆಯೇ? ಅಪ್ಪ "ಹೂಂ" ಎನ್ನುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ. ಕಪ್ಪು ತೆಗೆದುಕೊಳ್ಳುವಾಗ ಅವರ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು, ತಾಗಿಯೂ ತಾಗದ ಹಾಗೆ ಇಬ್ಬರೂ ಅತ್ತಿತ್ತ ನೋಡುತ್ತಿದ್ದೆವು. ಬಿಲ್ ಬೇಗ ಬರಲಿ ಅನಿಸುತ್ತಿತ್ತು. ಬಡ್ಡಿಗಿಡ್ಡಿ ಹಾಕಿಬಿಟ್ಟಿದ್ದರೆ ಎಂದು ಹೆದರಿಕೆಯೂ ಆಗುತ್ತಿತ್ತು. ಸಕ್ಕರೆ ಹಾಕಿದ ಚಹಾಕ್ಕೇ ಮತ್ತೆ ಸಕ್ಕರೆ ಹಾಕಿದ್ದೂ ಉಂಟು.

ಒಂದು ರವಿವಾರ ಅವರು ಹೊಸ್ತಿಲಲ್ಲೇ ನಿಂತು, "ಬಂತ್ರಿ," ಎಂದರು. ನನ್ನ ಕೈಯಲ್ಲಿದ್ದ ಚಹಾದ ಬಸಿ ಕೆಳಗೆ ಬಿತ್ತು.

ಮರುದಿನ ರಾಯಚೂರಿನ ಬ್ಯಾಂಕಿಗೆ ಅಪ್ಪ, ಅತ್ತೆ, ನಾನು ಹೋದೆವು. ಉರುಕುಂದಪ್ಪ ರಜೆ ಹಾಕಿ ಬಂದಿದ್ದರು. ತಮ್ಮ ಖಾತೆಯಿಂದ ತೆಗೆದ ಹಣವನ್ನು ಪಕ್ಕದ ಕಿಟಕಿಯಲ್ಲಿ ಕಟ್ಟಿದರು. ಅಪ್ಪ ಹೋಗಿ ಕ್ಯಾಷಿಯರ್ ಮುಂದೆ ನಿಂತ.

"ಸಾಹೇಬ್ರ, ಬಡ್ಡಿ ಎಷ್ಟು ಹಿಡದೀರಿ?"

"ವೇಳ್ಯಾಕ್ಕ ಪೂರಾ ಕಟ್ಟ್ಯಾರಲ್ರಿ ಯಜಮಾನ್ರ. ಬಡ್ಡಿ ಯಾತರದು?"

ಅಪ್ಪ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಹೊರಗೆ ಹೋಗಿ ಬೀಡಿ ಹಚ್ಚಿದ. ಅತ್ತೆ ಅವನ ಹಿಂದೆ ಹೋದಳು. ಬ್ಯಾಂಕಿನ ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು.

"ಇಷ್ಟು ದಿನ ನೀವು ಕೇಳಿದ್ರಿ," ಎಂದರು ಉರುಕುಂದಪ್ಪ. "ನಾ ಒಂದು ಕೇಳ್ಲಿ?"

"ಕೇಳ್ರಿ."

"ನಾ ನಿಮಗ ಸೇರತೀನೇನು?"

"ಕತ್ರಿ ಮುಂದ ಅಡ್ಡ ನಿಂತೆ. ಇನ್ನೂ ಕೇಳತೀರಲ್ಲ!"

"ಅದು ಕಾರ್ಡ್ ಉಳಿಸಾಕ ಇರಬಹುದು."

ಅವರ ಕಣ್ಣಲ್ಲಿ ತುಂಟತನ ಇತ್ತು, ದನಿಯಲ್ಲಿ ಇರಲಿಲ್ಲ. ನನ್ನ ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು. ನಾನು ಸುತ್ತ ನೋಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ಸೇರತೀರಿ. ಭಾಳ ಸೇರತೀರಿ. ಬಡ್ಡಿ ಬಂದಿದ್ರೂ ನಿಮ್ಮನ್ನ ಬಿಡತಿದ್ದಿಲ್ಲ."

ಹಿಂದೆ ಕೆಮ್ಮು ಕೇಳಿಸಿತು. ಅಪ್ಪ ಬಂದು ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ ಗೊತ್ತಿಲ್ಲ. ಅವನು ನಮ್ಮಿಬ್ಬರನ್ನೂ ನೋಡಲಿಲ್ಲ. ರಸ್ತೆಯಲ್ಲಿದ್ದ ತಂಗಿಯನ್ನು ಕೂಗಿದ.

"ಪಾರೋತಿ, ನಡಿ, ಮಾನ್ವಿ ಬಸ್ ಬಿಡೋ ಹೊತ್ತಾತು. ನಾವಿಬ್ರೂ ಇದಕ್ಕ ಹೋಗೋಣು."

"ಮತ್ತ ಹುಲಿಗಿ?"

"ಆಕಿ ಮುಂದಿನ ಬಸ್ಸಿಗೆ ಬರಲಿ," ಎಂದ ಅಪ್ಪ. "ಅಳಿಯ ಮನಿತನಕ ಬಿಟ್ಟು ಹೋಗತಾನ."