ಮುಚ್ಚಳದೊಳಗಿನ ಪಿನ್ನು

ತಿರುಮಲೇಶ ಆ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಹನುಮಂತರಾಜು ಅಲ್ಲೇ ಅವನ ಕೊರಳಪಟ್ಟಿಗೆ ಕೈ ಹಾಕುತ್ತಿದ್ದ. ತಿರುಮಲೇಶ ಹೇಳಿದ್ದು ಇಂಗ್ಲಿಷಿನಲ್ಲಿ, ಎರಡೂ ಕಡೆಯ ವಕೀಲರ ಮುಂದೆ, ಪ್ರಮಾಣ ಮಾಡಿ. ಒಳಗೆ ಒತ್ತಡ ಇರುವಾಗ ನಮ್ಮ ಕುಕ್ಕರಿನ ಮುಚ್ಚಳ ತೆರೆಯುವುದಿಲ್ಲ, ಆಕೆ ಬಲವಂತವಾಗಿ ತಿರುಗಿಸಿರಬೇಕು ಎಂದ.

ಆಕೆ ಎಂದರೆ ಸಿಂಧು, ಹನುಮಂತರಾಜುವಿನ ಹೆಂಡತಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೂ ಗಂಡನ ಕೈಗೆ ಕೊಡುತ್ತಿದ್ದವಳು. ಬೆರ್ರಿಯೆಸಾ ಬಡಾವಣೆಯ ಅವರ ಮನೆಯಲ್ಲಿ ಆ ಎಲೆಕ್ಟ್ರಿಕ್ ಕುಕ್ಕರಿನ ಮುಚ್ಚಳ ಹಾರಿದಾಗ ಕುದಿಯುವ ಬೇಳೆ ಸೂರಿನವರೆಗೂ ಚಿಮ್ಮಿತ್ತು. ಅವನು ಓಡಿಬಂದು ಎತ್ತಿಕೊಂಡಾಗ ಅವಳ ತೋಳಿನ ಚರ್ಮ ಒದ್ದೆ ಬಟ್ಟೆಯಂತೆ ಅವನ ಅಂಗೈಗೆ ಅಂಟಿಕೊಂಡು ಬಂತು. ಆಸ್ಪತ್ರೆಯಲ್ಲಿ ಅವಳು ಕಿರುಚುತ್ತಲೇ ಸತ್ತಳು. ದಾವೆ ಮಾತ್ರ ಸದ್ದಿಲ್ಲದೆ ಮುಗಿಯಿತು. ಕಂಪನಿ ಪರಿಹಾರ ಕೊಟ್ಟಿತು, ಬಾಯಿ ಬಿಡಬಾರದೆಂದು ಸಹಿ ಹಾಕಿಸಿಕೊಂಡಿತು, ತಪ್ಪು ಯಾರದೆಂದು ಎಲ್ಲೂ ಹೇಳಲಿಲ್ಲ. ಅದರ ಹಿರಿಯ ಎಂಜಿನಿಯರ್ ತಿರುಮಲೇಶ ಕ್ಯುಪರ್ಟಿನೋದ ಮನೆಗೆ ಹೋಗಿ ಊಟ ಮಾಡಿದ.

ಇಂಥ ದಾವೆಗಳನ್ನು ಹನುಮಂತರಾಜು ಹುಡುಕಿ ಹುಡುಕಿ ಓದತೊಡಗಿದ. ಚಾರ್ಜಿಗೆ ಹಾಕಿದಲ್ಲೇ ಹೊತ್ತಿ ಉರಿದ ಸೈಕಲ್ ಬ್ಯಾಟರಿ, ಮಗುವಿನ ಕತ್ತು ಸಿಕ್ಕಿಕೊಂಡ ತೊಟ್ಟಿಲು, ಅಡುಗೆಮನೆಯಲ್ಲಿ ಸಿಡಿದ ಕುಕ್ಕರುಗಳು. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಎಲ್ಲದರಲ್ಲೂ ಒಂದೇ ಜಗಳ. ಬಳಸಿದವರದು ತಪ್ಪು ಎಂದು ಕಂಪನಿ, ಕಂಪನಿಯದು ತಪ್ಪು ಎಂದು ಬಳಸಿದವರು. ಮಧ್ಯೆ ಬೇಕೆಂದೇ ಕೆಡಿಸಿಟ್ಟ ಮೂರನೆಯವನೊಬ್ಬ ಇರಬಹುದೇ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಕಂಡುಕೊಂಡ ದಿನ ಅವನಿಗೆ ಬಹಳ ಕಾಲದ ಮೇಲೆ ಹಸಿವಾಯಿತು.

ಗಿಲ್‌ರಾಯ್‌ನಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಗ್ಯಾರೇಜಿನ ಮುಂದೆ ಹಳೇ ಸಾಮಾನು ಮಾರುತ್ತಿದ್ದರು. ಅಲ್ಲಿ ಅವನಿಗೆ ಅದೇ ಮಾದರಿಯ ಕುಕ್ಕರ್ ಸಿಕ್ಕಿತು. ಒತ್ತಡವಿರುವಾಗ ಮುಚ್ಚಳ ತಿರುಗದಂತೆ ತಡೆಯುವುದು ಒಳಗಿನ ಒಂದು ಕಪ್ಪು ಪ್ಲಾಸ್ಟಿಕ್ ಪಿನ್ನು. ಬಿಸಿಗೆ ಅದು ಬಿರುಕು ಬಿಟ್ಟರೆ ಮಗು ತಿರುಗಿಸಿದರೂ ಮುಚ್ಚಳ ಹಾರುತ್ತದೆ. ಸಿಂಧುವಿನ ದಾವೆ ಅವನಿಗೆ ಇಷ್ಟನ್ನು ಕಲಿಸಿತ್ತು. ಪಿನ್ನನ್ನು ಬಿರುಕು ಬಿಡುವವರೆಗೆ ಕಾಯಿಸಿ, ಕುಕ್ಕರನ್ನು ತನ್ನ ಗ್ಯಾರೇಜಿನಲ್ಲಿಟ್ಟು, ಮೇಲೊಂದು ಕರಬೂಜ ನೇತುಹಾಕಿ, ದೂರದಿಂದ ಹಗ್ಗ ಎಳೆದ. ಕರಬೂಜದ ಅರ್ಧ ಗೋಡೆಗೆ ಅಂಟಿತ್ತು. ಇನ್ನರ್ಧ ಸಿಗಲೇ ಇಲ್ಲ. ಕಣ್ಣು ಮುಚ್ಚಿದಾಗೆಲ್ಲ ಅವನಿಗೆ ಆ ಹಣ್ಣಿನ ಮೇಲೆ ತಿರುಮಲೇಶನ ಕನ್ನಡಕ ಕಾಣುತ್ತಿತ್ತು.

ಆಮೇಲೆ ಕ್ಷಮಿಸಿದ. ಕನ್ನಡ ಸಂಘದ ಯುಗಾದಿ ಊಟದಲ್ಲಿ, ಎಲ್ಲರ ಎದುರಿಗೆ, ತಾನಾಗಿ ಹೋಗಿ ತಿರುಮಲೇಶನ ಕೈ ಹಿಡಿದುಕೊಂಡ.

"ನಿಮ್ ಕೆಲ್ಸ ನೀವ್ ಮಾಡಿದ್ರಿ ಸಾರ್. ನಂಗೇನೂ ಬೇಜಾರಿಲ್ಲ."

ತಿರುಮಲೇಶ ಆ ಕೈ ಬಿಡಲಿಲ್ಲ. "ಭಾನುವಾರ ಮನೆಗೆ ಬನ್ನಿ ರಾಜು. ನನ್ನ ಹೆಂಡ್ತಿ ಮೈಥಿಲಿಗೆ ವೀಕೆಂಡು ಆಸ್ಪತ್ರೆ ಡ್ಯೂಟಿ. ನಾನೇ ಅಡುಗೆ ಮಾಡ್ತೀನಿ. ನಿಮ್ಮ ಹತ್ರ ಮಾತಾಡೋದಿದೆ."

ಭಾನುವಾರ ಅವನೇ, ತನ್ನ ಕಂಪನಿಯ ಅದೇ ಮಾದರಿಯ ಕುಕ್ಕರಿನಲ್ಲಿ, ಅಡುಗೆ ಮಾಡುತ್ತಾನೆಂಬುದು ಹನುಮಂತರಾಜುವಿಗೆ ಸಂಘದವರಿಂದ ಮೊದಲೇ ಗೊತ್ತಿತ್ತು. ಜೊತೆಗೆ ಉಣ್ಣಲು ಕೂತವನ ಮೇಲೆ ಅನುಮಾನ ಬಾರದು. ಬಂದರೂ ಜನ ಏನೆನ್ನುತ್ತಾರೆ? ಪಾಪ, ಅದೇ ಕುಕ್ಕರು ಇವನ ಕಣ್ಣೆದುರೇ ಎರಡನೇ ಸಲ ಬಲಿ ತೆಗೆದುಕೊಂಡಿತು ಎನ್ನುತ್ತಾರೆ.

ಭಾನುವಾರ ಫ್ರಿಜ್ಜಿನಿಂದ ನೀರು ತೆಗೆಯುವಾಗ ಹನುಮಂತರಾಜು ಮೊಸರಿನ ಡಬ್ಬಿಯನ್ನು ಕೈತಪ್ಪಿದಂತೆ ಕೆಡವಿದ. ಮೊಸರಿಲ್ಲದೆ ಅತಿಥಿಗೆ ಊಟವೇ ಎಂದು ತಿರುಮಲೇಶ ಕಾರಿನ ಕೀ ತೆಗೆದುಕೊಂಡ. ಅವನು ಗ್ರೋಸರಿಯಿಂದ ಬರುವಷ್ಟರಲ್ಲಿ ಬಿರುಕಿನ ಪಿನ್ನು ಮುಚ್ಚಳದೊಳಗೆ ಕೂತಿತ್ತು, ಅಲ್ಲಿದ್ದ ಪಿನ್ನು ಹನುಮಂತರಾಜುವಿನ ಜೇಬಿನಲ್ಲಿತ್ತು. ಎರಡೂ ಕಪ್ಪು, ಎರಡೂ ಒಂದೇ ಅಳತೆ. ನೆಲದ ಮೇಲಿನ ಮೊಸರನ್ನೂ ಅವನು ಒರೆಸಿಟ್ಟಿದ್ದ. ತಿರುಮಲೇಶ ಬಂದವನೇ ಕುಕ್ಕರಿಗೆ ಬೇಳೆ ಹಾಕಿ, ಮುಚ್ಚಳ ಮುಚ್ಚಿ, ಮಾತಿಗೆ ಕೂತ.

"ಬೇಳೆ ಬೆಂದಿರ್ಬೇಕು, ನೋಡ್ತೀನಿ ಇರಿ," ಎಂದು ತಿರುಮಲೇಶ ಮಾತಿನ ನಡುವೆ ಎದ್ದ. ಏನು ಹೇಳಬೇಕೆಂದಿದ್ದನೋ ಅದಿನ್ನೂ ಬಾಯಿಗೆ ಬಂದಿರಲಿಲ್ಲ.

ಸದ್ದು ಗುಂಡು ಹೊಡೆದ ಹಾಗಿತ್ತು. ಮುಚ್ಚಳದ ಅಂಚು ತಿರುಮಲೇಶನ ದವಡೆಯನ್ನು ಮುರಿದು, ಕಿವಿ ಹರಿದು, ಸೂರಿನ ದೀಪ ಒಡೆಯಿತು. ಬೇಳೆ ಅವನ ಕಣ್ಣು, ಬಾಯಿ, ಎದೆಗೆ ಅಂಟಿ ಅಲ್ಲೇ ಬೇಯುತ್ತಿತ್ತು. ನೆಲಕ್ಕೆ ಬಿದ್ದು ಬೇಳೆ ಕಿತ್ತುಕೊಳ್ಳಲು ಮುಖ ಪರಚಿಕೊಂಡ. ಬೆರಳಿಗೆ ಬಂದದ್ದು ಮಾಂಸ. ಹನುಮಂತರಾಜು ಫೋನು ಕೈಯಲ್ಲಿ ಹಿಡಿದುಕೊಂಡೇ ಅದನ್ನೆಲ್ಲ ನೋಡಿದ. ಅವಸರ ಮಾಡಲಿಲ್ಲ.

"ಹತ್ರ ಬರ್ಬೇಡಿ ರಾಜು," ಎಂದು ತೊದಲಿತು ಆ ಬಾಯಿ. "ಸುಡುತ್ತೆ." ಆಮೇಲೆ, ರಕ್ತ ಉಗುಳಿ, "ಇದು ಆಗೋಕೆ ಸಾಧ್ಯಾನೇ ಇಲ್ಲ."

ಸಾಯುವಾಗಲೂ ಕಂಪನಿಯ ಸುಳ್ಳೇ. ಹನುಮಂತರಾಜು ಬಗ್ಗಿ ಅವನ ಉಳಿದ ಕಿವಿಯಲ್ಲಿ ಹೇಳಿದ, "ನೀವೂ ಜೋರಾಗಿ ತಿರುಗಿಸ್ಬುಟ್ರೇನೋ ಸಾರ್."

ನರಳಾಟ ಅಡಗಿದ ಮೇಲೆ ಆಂಬುಲೆನ್ಸಿಗೆ ಫೋನು ಮಾಡಿದ. ತಿರುಮಲೇಶ ದಾರಿಯಲ್ಲೇ ತೀರಿಕೊಂಡ. ಪೊಲೀಸರು ಬಂದರು, ಒಡೆದ ದೀಪ ನೋಡಿದರು, ನಡುಗುತ್ತಿದ್ದ ಹನುಮಂತರಾಜುವಿಗೆ ಕಂಬಳಿ ಹೊದಿಸಿದರು. ಅಪಘಾತ ಎಂದು ಬರೆದುಕೊಂಡು ಹೋದರು.

ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಂಪನಿ ಇನ್ನೂ ಉಳಿದಿತ್ತು. ತನ್ನದೇ ಎಂಜಿನಿಯರನ್ನು ಕೊಂದ ಕುಕ್ಕರು ಎಂದು ನ್ಯಾಯಾಲಯದಲ್ಲಿ ಬಯಲಾದರೆ ಅದು ಏಳಲಾರದು. ತಿಥಿ ಮುಗಿದ ಮೇಲೆ ಅವನು ಮೈಥಿಲಿಯ ಎದುರು ಕೂತು ಮೆತ್ತಗೆ ಹೇಳಿದ.

"ನಾನು ಸಹಿ ಹಾಕಿ ಸುಮ್ನಾಗ್ಬುಟ್ಟೆ ಮೇಡಮ್. ನೀವು ಹಂಗ್ ಮಾಡ್ಬೇಡಿ. ಕೇಸ್ ಹಾಕಿ. ಕುಕ್ಕರ್ನ ಲ್ಯಾಬಿಗೆ ಕಳಿಸಿ, ಒಳಗೇನಿದೆ ಅಂತ ಗೊತ್ತಾಗ್ಲಿ."

ಮೈಥಿಲಿ ಒಪ್ಪಿದಳು. ದಾವೆ ಹೂಡಿದಳು. ಕುಕ್ಕರು ಲ್ಯಾಬಿಗೆ ಹೋಯಿತು. ಬಿರುಕಿನ ಪಿನ್ನು ಸಿಕ್ಕಿತೆಂದು ಅವಳು ಫೋನಿನಲ್ಲಿ ತಿಳಿಸಿ, ಬರಲು ಹೇಳಿದಾಗ ಹನುಮಂತರಾಜು ಫ್ರೀವೇ ಉದ್ದಕ್ಕೂ ಹಾಡು ಗುನುಗುತ್ತ ಬಂದ. ಅವಳ ಪಕ್ಕದಲ್ಲಿ ಬೂದು ಕೋಟಿನ ಹೆಂಗಸೊಬ್ಬಳು ಕೂತಿದ್ದಳು. ವಕೀಲೆ ಇರಬೇಕೆಂದುಕೊಂಡು ನಮಸ್ಕಾರ ಮಾಡಿದ.

"ನಿಮ್ಮ ಕೇಸು ಮುಗಿದ ಮೇಲೆ ನಮ್ಮನೆಯವರು ನಿದ್ದೆ ಮಾಡ್ಲಿಲ್ಲ," ಎಂದಳು ಮೈಥಿಲಿ. "ನಾನು ಹೇಳಿದ್ದು ಸುಳ್ಳು, ಸಿಂಧುದು ತಪ್ಪಿರ್ಲಿಲ್ಲ ಅಂತ ಅತ್ಬಿಟ್ರು. ಅದನ್ನ ಹೇಳೋಕೇ ನಿಮ್ಮನ್ನ ಊಟಕ್ಕೆ ಕರೆದಿದ್ದು. ಕಂಪನಿ ಜೊತೆ ಗುದ್ದಾಡಿ ಪಿನ್ನಿನ ಪ್ಲಾಸ್ಟಿಕ್ ಬದಲಾಯಿಸಿದ್ರು. ಬಣ್ಣ ಅದೇ, ಅಳತೆ ಅದೇ, ಎಷ್ಟು ಕಾಯಿಸಿದ್ರೂ ಬಿರುಕು ಬಿಡಲ್ಲ. ಹೊಸ ಪಿನ್ನಿನ ಮೊದಲನೇ ಕುಕ್ಕರು ನಮ್ಮನೇದು, ರಾಜು ಅವ್ರೇ. ಅದರೊಳಗೆ ಸಿಕ್ಕಿರೋದು ಹಳೇ ಪಿನ್ನು." ಬೂದು ಕೋಟಿನ ಹೆಂಗಸು ಪೊಲೀಸ್ ಬ್ಯಾಡ್ಜನ್ನು ಮೇಜಿನ ಮೇಲಿಟ್ಟಳು.