ತಳ ಮುಟ್ಟುವ ತನಕ

ಊರ ಹೆಸರು ಹೇಳುವುದಿಲ್ಲ. ಇಟಗಿಯಿಂದ ಬೈಕಿನಲ್ಲಿ ಅರ್ಧ ತಾಸಿನ ದಾರಿ, ಅಷ್ಟು ಸಾಕು. ಯಾಕೆ ಹೇಳುವುದಿಲ್ಲ ಎನ್ನುವುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನಾನು ಕಳಕೇಶ. ರೋಣದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಕೆರೆಯ ಹೂಳು ತೆಗೆಸುವುದಕ್ಕೆ ಅರ್ಧ ಖರ್ಚು ಸಂಸ್ಥೆಯದು, ಉಳಿದರ್ಧವನ್ನು ಊರವರೇ ದೇಣಿಗೆ ಎತ್ತಿ ಕೂಡಿಸಬೇಕು. ಅವರನ್ನು ಹುರಿದುಂಬಿಸಿ ಮನೆಮನೆಗೆ ಹೊರಡಿಸುವುದು ನನ್ನ ಪಾಲಿನ ಕೆಲಸ. ವಯಸ್ಸು ಮೂವತ್ನಾಲ್ಕು, ಮದುವೆಯಾಗಿರಲಿಲ್ಲ, ಕೈಗೆ ಮೈಕು ಸಿಕ್ಕರೆ ಬಿಡುವವನಲ್ಲ.

ಆ ಊರಿನ ಸಮುದಾಯ ಭವನದಲ್ಲೂ ಮುಕ್ಕಾಲು ತಾಸು ಮಾತಾಡಿದೆ. ಕೊನೆಗೆ "ಏನರೆ ಕೇಳೂದು ಐತೇನ್ರಿ?" ಎಂದಾಗ ಗಂಡಸರೆಲ್ಲ ಒಂದೇ ಪ್ರಶ್ನೆ ಕೇಳಿದರು, ಹೂಳು ಮೊದಲು ಯಾರ ಹೊಲಕ್ಕೆ ಬೀಳುತ್ತದೆ ಎಂದು. ಆಮೇಲೆ ಹಿಂದಿನಿಂದ ಒಂದು ಹೆಣ್ಣುದನಿ ಬಂತು.

"ಸರ್, ತಳಾ ಮುಟ್ಟೂಮಟಾ ಅಗೀತೀರೇನ್ರಿ? ಇಲ್ಲಾ ಮ್ಯಾಲ ಮ್ಯಾಲ ಕೆರದು ಫೋಟೋ ಹೊಡಸ್ಕೊಂಡ ಹೋಗ್ತೀರೋ?"

ಭವನವೆಲ್ಲ ನಕ್ಕಿತು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ.

"ರೊಕ್ಕ ಕೂಡಿದ್ರ ತಳಾ ಮುಟ್ಟೂಮಟಾ ಅಗೀತೀವ್ರಿ," ಎಂದೆ.

"ಹಂಗಾರ ಕೂಡಸೂಣು. ಮನಿಮನಿಗೆ ನಾ ಬರ್ತೀನಿ."

ನನ್ನ ಭಾಷಣಕ್ಕೆ ಒಬ್ಬಳಾದರೂ ಮರುಳಾದಳಲ್ಲ ಎಂದು ಒಳಗೊಳಗೇ ಉಬ್ಬಿದೆ. ಹೆಸರು ಅನಿತಾ. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ಮದುವೆಯಾದವಳು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ನಾನು ಕಣ್ಣು ತೆಗೆಯಬೇಕಿತ್ತು. ತೆಗೆಯಲಿಲ್ಲ.

ತಿರುಗಿ ಬರುವಾಗ ನಮ್ಮ ಟಾಟಾ ಏಸ್ ಓಡಿಸುವ ಇಮಾಮಸಾಬ ತಾನಾಗಿಯೇ ಹೇಳಿದ. "ಆಕಿ ಗಂಡ ಹೇಮಪ್ಪ ನಾಕ ವರ್ಷದಿಂದ ಇಲ್ರಿ ಸರ್. ಸತ್ತಾನೋ ಇದ್ದಾನೋ ಯಾರಿಗೂ ಗೊತ್ತಿಲ್ಲ. ಅತ್ತಿ ಸೊಸಿ ಇಬ್ರ ಕೂಲಿ ಮಾಡ್ಕೊಂಡ ಅದಾರ. ಭಾಳ ನೋಡಬ್ಯಾಡ್ರಿ."

ಸುತ್ತಲ ಊರುಗಳಿಗೆ ದೇಣಿಗೆಗೆ ಹೊರಟ ಮೊದಲ ದಿನವೇ ಅತ್ತೆ ಅಡಿವೆವ್ವ ಗಾಡಿಯ ಮುಂದಿನ ಸೀಟು ಹಿಡಿದು ಕೂತಳು. ಸೊಸೆಯ ಕಾವಲಿಗೆ ಬಂದಿದ್ದಾಳೆ ಎಂದುಕೊಂಡೆ. ಅದಲ್ಲ. ಅವಳ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಮಗನ ಫೋಟೋ ಇತ್ತು. ಪ್ರತಿ ಊರಲ್ಲೂ ಗಾಡಿ ನಿಂತ ಕೂಡಲೇ ಇಳಿದು, ಚಹಾದಂಗಡಿಗೆ, ಕಟಿಂಗ್ ಅಂಗಡಿಗೆ, ಬಸ್ ಸ್ಟ್ಯಾಂಡಿಗೆ ಹೋಗಿ ಅದನ್ನು ತೋರಿಸುತ್ತಿದ್ದಳು. "ಇಂವನ್ನ ಎಲ್ಲೆರ ನೋಡೀರೇನ್ರಿ?" ಹೀಗೆ ಸೊಸೆ ಕೆರೆಗಾಗಿ ಕೇಳುತ್ತಿದ್ದರೆ ಅತ್ತೆ ಮಗನಿಗಾಗಿ ಕೇಳುತ್ತಿದ್ದಳು.

ಅನಿತಾ ಕೇಳುವ ರೀತಿಯೇ ಬೇರೆ. ಗೋಗರೆಯುತ್ತಿರಲಿಲ್ಲ. ನರಗುಂದದ ಬಟ್ಟೆ ವ್ಯಾಪಾರಿಯೊಬ್ಬರು "ನಾಳೆ ಬಾರವಾ" ಎಂದರೆ, "ನಾಳಿತನಕ ಇಲ್ಲೇ ಕುಂದರ್ತೀನ್ರಿ, ಒಂದ ಚರಿಗಿ ನೀರ ಕೊಡ್ರಿ" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನೀರು ಕುಡಿದು ಚರಿಗೆ ತಿರುಗಿ ಕೊಡುತ್ತ, "ನಿಮ್ಮ ನೀರು ಭಾಳ ಸಿಹಿ ಐತ್ರಿ. ನಮ್ಮ ಕೆರ್ಯಾಗೂ ಹಿಂಗ ಇತ್ತು" ಎಂದಳು, ಅಷ್ಟೇ. ವ್ಯಾಪಾರಿ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಅಗೆಯುವ ಯಂತ್ರದ ಒಂದು ದಿನದ ಡೀಸೆಲ್ ಖರ್ಚು ಒಪ್ಪಿಕೊಂಡರು. ಗಜೇಂದ್ರಗಡದ ನೇಕಾರರು ಸೀರೆ ಕೊಟ್ಟರು, ಮಾರಿಕೊಳ್ಳಿ ಎಂದರು. ಹೊಳೆಮಣ್ಣೂರಿನವರು ಎರಡು ಟ್ರ್ಯಾಕ್ಟರ್ ಕಳಿಸುತ್ತೇವೆಂದರು. ಅಲ್ಲಿಯ ಮುದುಕನೊಬ್ಬ, "ಹೊಳಿ ಬಂದ್ರ ನಮ್ಮ ಮನ್ಯಾಗ ಎದಿಮಟ ನೀರ ಬರ್ತಾವು, ನಿಮಗ ಕೆರಿಗೂ ಬರೂದಿಲ್ಲ. ದೇವರು ಎಂಥಾ ಪಾಲು ಹಚ್ಯಾನ ನೋಡು" ಎಂದು ನಕ್ಕ.

ನಾನು ಮೈಕು ಹಿಡಿಯಲು ಹೋದರೆ ಅನಿತಾ ವೈರು ಸುತ್ತಿ ತನ್ನ ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದಳು.

"ಸರ್, ನಿಮ್ಮ ಭಾಷಣಾ ಕೇಳಿದ್ರ ಕಿಸೇದಾಗಿಂದ ತಗದಿದ್ದನ್ನೂ ಒಳಗ ಇಟಗೋತಾರ. ಸುಮ್ನ ಕುಂದರ್ರಿ."

"ಅಷ್ಟ ಕೆಟ್ಟ ಮಾತಾಡ್ತೀನೇನ್ರಿ?"

"ಕೆಟ್ಟ ಅಲ್ರಿ. ಉದ್ದ."

ಹೇಳಿ ಮುಖ ತಿರುಗಿಸುತ್ತಿದ್ದಳು. ಆದರೆ ಅವಳಿಗೆ ನಗು ಮೊದಲು ಕಣ್ಣಿಗೆ ಬರುತ್ತಿತ್ತು, ತುಟಿಗೆ ಆಮೇಲೆ. ನಡುವಿನ ಆ ಅರೆಕ್ಷಣ ನನಗೆ ಸಿಕ್ಕಿಬಿಡುತ್ತಿತ್ತು. ಆ ಅರೆಕ್ಷಣಕ್ಕಾಗಿಯೇ ನಾನು ದಿನವಿಡೀ ಬೈಸಿಕೊಳ್ಳಲು ತಯಾರಿದ್ದೆ. ಪ್ರೀತಿ ಅಂದರೆ ಇದೇ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊಣ್ಣೂರಿನ ಸೇತುವೆಯ ಮೇಲೆ ಹೇಳಿದೆ. ಇಮಾಮಸಾಬ ನಮಾಜಿಗೆ ಹೋಗಿದ್ದ. ಅಡಿವೆವ್ವ ಹೋಟೆಲಿನಲ್ಲಿ ಫೋಟೋ ತೋರಿಸುತ್ತಿದ್ದಳು. ಕೆಳಗೆ ಮಲಪ್ರಭೆ ಕೆಂಪಾಗಿ ಹರಿಯುತ್ತಿತ್ತು. ಯಾವ ಭಾಷಣವೂ ಬಾಯಿಗೆ ಬರಲಿಲ್ಲ.

"ಅನಿತಾ, ನಿಮ್ಮನ್ನ ಬಿಟ್ಟಿರೂದು ನನ್ನ ಕಡೆಯಿಂದ ಆಗೂದಿಲ್ಲ."

ಅವಳಿಗೆ ಆಶ್ಚರ್ಯವಾಗಲಿಲ್ಲ. ಕಟ್ಟೆಯ ಮೇಲೆ ಎರಡೂ ಕೈ ಊರಿ ನೀರನ್ನೇ ನೋಡಿದಳು.

"ನಾ ಮುತ್ತೈದಿನೋ ಅಲ್ಲೋ ನನಗs ಗೊತ್ತಿಲ್ಲ. ನಿಮಗ ಏನಂತ ಉತ್ತರಾ ಕೊಡ್ಲಿ?"

ಆಮೇಲೆ ಹೇಳಿದಳು. ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಜಗಳವಾಡಿದ್ದರು. ಸಂಜೆ ಹೇಮಪ್ಪ ಕುಡಿಯುವ ನೀರು ತರುತ್ತೇನೆಂದು ಕೊಡ ಹಿಡಿದು ಕೆರೆಗೆ ಹೋದ. ಕತ್ತಲಾದರೂ ಬಾರದಿದ್ದಾಗ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೊಡವಿತ್ತು, ಚಪ್ಪಲಿ ಇದ್ದವು, ಅವನಿರಲಿಲ್ಲ. ನಮ್ಮ ಕಡೆ ಕುಡಿಯುವ ನೀರಿನ ಕೆರೆಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಹಾಗಾಗಿ ಆ ಚಪ್ಪಲಿಗಳಿಂದ ಏನೂ ತಿಳಿಯಲಿಲ್ಲ. ನೀರಿಗೆ ಬಿದ್ದನೋ, ಬರಿಗಾಲಲ್ಲಿ ಆಚೆ ದಂಡೆಯಿಂದ ನಡೆದು ಹೋದನೋ? ಆ ವರ್ಷ ಕೆರೆ ತುಂಬಿತ್ತು. ಅಗ್ನಿಶಾಮಕದವರು ಎರಡು ದಿನ ಹುಡುಕಿ, ಆಳು ಮುಳುಗುವಷ್ಟು ಹೂಳಿದೆ, ಇದರೊಳಗೆ ಏನೂ ಸಿಗುವುದಿಲ್ಲ ಎಂದು ಕೈಚೆಲ್ಲಿದ್ದರು.

"ಅವ್ವ ಹೊರಗ ಹುಡುಕ್ತಾಳ. ನಾ ಒಳಗ ಹುಡುಕ್ತೀನಿ," ಎಂದು ಅತ್ತೆ ಇದ್ದ ಹೋಟೆಲಿನ ಕಡೆ ನೋಡಿದಳು. "ತಳಾ ಕಂಡ ದಿನಾ ನಿಮಗ ಹೇಳ್ತೀನಿ. ಅವರು ಸಿಕ್ರ, ಹೂಂ ಅಂತೀನಿ. ಸಿಗಲಿಲ್ಲಂದ್ರ ಅವರು ಎಲ್ಲೋ ಅದಾರ. ನಾ ಅವರ ಹೆಂಡ್ತಿ."

ನನ್ನ ಭಾಷಣಕ್ಕೆ ಮರುಳಾಗಿ ಬಂದವಳಲ್ಲ ಎಂದು ಅವತ್ತು ತಿಳಿಯಿತು. ಕೆರೆಯ ಮೇಲಿನ ಕಾಳಜಿಯಿಂದಲೂ ಅಲ್ಲ. ಅವಳು ನಾಲ್ಕು ತಿಂಗಳಿಂದ ಹೊಸ್ತಿಲು ಹೊಸ್ತಿಲಿಗೆ ಹೋಗಿ ದೇಣಿಗೆ ಎತ್ತಿದ್ದು ಒಂದು ಹೆಣಕ್ಕಾಗಿ. ಅಂದಿನಿಂದ ನಾನೂ ಅದಕ್ಕಾಗಿಯೇ ಎತ್ತಿದೆ, ಮೊದಲಿಗಿಂತ ಎರಡು ಪಟ್ಟು ಹುರುಪಿನಿಂದ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ದುಡ್ಡು ಕೂಡಿತ್ತು. ಹಿಟಾಚಿ ಯಂತ್ರ ಇಳಿಯಿತು. ಇಪ್ಪತ್ತೆರಡು ದಿನ ಅದರ ಬಕೆಟ್ಟು ಮೇಲೇಳುವಾಗೆಲ್ಲ ನಾನು ದಂಡೆಯ ಅಂಚಿಗೆ ಬಂದು ಇಣುಕುತ್ತಿದ್ದೆ. ಒಂದು ದಿನ ಬಿಳಿಯದೇನೋ ಕಂಡು ಓಡಿದೆ. ಎಮ್ಮೆಯ ಎಲುಬು. ಇಟಗಿಗೆ ಹೋಗಿ ಭೀಮಾಂಬಿಕೆಗೆ ಕಾಯಿ ಒಡೆಸಿದೆ. ಏನು ಬೇಡಿಕೊಂಡೆ ಎಂದು ಪೂಜಾರಿ ಕೇಳಿದ್ದರೆ ನಾನು ಸತ್ತೇ ಹೋಗುತ್ತಿದ್ದೆ. ನನಗೇನೂ ಕೆಟ್ಟದ್ದು ಮಾಡದ ಒಬ್ಬ ಮನುಷ್ಯ ಸತ್ತಿರಲಿ ಎಂದು ದೇವರನ್ನು ಕೇಳಿ ಬಂದಿದ್ದೆ. ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ಅದನ್ನೇ ಬೇಡಿದೆ.

ಅನಿತಾ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಅಡಿವೆವ್ವ ಮಾತ್ರ ಗೆಲುವಾಗುತ್ತ ಹೋದಳು. "ನಾ ಹೇಳಿದ್ದಿಲ್ಲೇನು? ನನ್ನ ಮಗಾ ಇಲ್ಲಿ ಇಲ್ಲ. ಬರ್ತಾನ. ಇನ್ನೊಂದು ವರ್ಷ, ಎರಡ ವರ್ಷ, ಬಂದs ಬರ್ತಾನ." ಅವಳು ಹಾಗೆ ಅಂದಾಗಲೆಲ್ಲ ಅನಿತಾ ತಲೆ ತಗ್ಗಿಸಿ ಸೆರಗಿನ ಚುಂಗು ತಿರುವುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಎಲ್ಲ ಕಡೆ ಗಟ್ಟಿ ಗರಸು ಮಣ್ಣು, ಅಂದರೆ ಕೆರೆಯ ತಳ, ಬಂತು. ಮೆಟ್ಟಿಲ ಕೆಳಗೆ ಒಂದು ಮೂಲೆ ಮಾತ್ರ ಉಳಿದಿತ್ತು. ಮಧ್ಯಾಹ್ನ ಯಂತ್ರದ ಡ್ರೈವರ್ ಊಟಕ್ಕೆ ಹೋದ, ಜನರೂ ಹೋದರು.

ಆಗ ನಾನು ಆ ಕೆಲಸ ಮಾಡಿದೆ. ಹೂಳಿನ ಗುಡ್ಡೆಯ ಹಿಂದೆ ಹೋಗಿ, ಅಂಗಿ ಎತ್ತಿ, ಸೊಂಟದಿಂದ ನನ್ನ ಬೆಳ್ಳಿ ಉಡದಾರ ಬಿಚ್ಚಿದೆ. ಅಜ್ಜನ ಕಾಲದ್ದು, ಕಪ್ಪಿಟ್ಟಿತ್ತು. ಗಂಡಸು ಬದುಕಿರುವ ತನಕ ಅದನ್ನು ಸೊಂಟದಿಂದ ತೆಗೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು, ಹಾಗಾಗಿಯೇ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಲೆಕ್ಕ ಹಾಕಿದ್ದೆ. ಮೂಲೆಯ ಹಸಿ ಹೂಳಿನಲ್ಲಿ ಮೊಣಕೈ ತನಕ ಕೈ ಇಳಿಸಿ ಬಿಟ್ಟು ಬಂದೆ.

ಮೂರು ಗಂಟೆಗೆ ಬಕೆಟ್ಟು ಸುರಿದ ರಾಶಿಯಲ್ಲಿ ಇಮಾಮಸಾಬನ ಕಣ್ಣಿಗೆ ಅದು ಬಿತ್ತು. "ಯಂತ್ರಾ ನಿಂದರಸ್ರಿ!" ಎಂದು ಕೂಗಿದ. ಅಡಿವೆವ್ವ ಇಳಿಜಾರಿನಲ್ಲಿ ಜಾರುತ್ತ, ಏಳುತ್ತ ಬಂದು ಅದನ್ನು ಕೈಗೆತ್ತಿಕೊಂಡಳು. ಮದುವೆಯಲ್ಲಿ ಮಗನಿಗೆ ತಾನೇ ಮಾಡಿಸಿ ಹಾಕಿದ್ದು ಅಂಥದೇ. ಎದೆಗೆ ಒತ್ತಿಕೊಂಡು ಅವಳು ತೆಗೆದ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಊರ ಹಿರಿಯರೊಬ್ಬರು ಅನಿತಾಳನ್ನು ಕರೆದರು. "ನೋಡವಾ, ಹೆಂಡ್ತಿ ನೀನು. ಹೇಮಪ್ಪಂದೇನು ಇದು?"

ಅವಳು ಕೆಸರು ಒರೆಸಿ, ಕೊಂಡಿಯನ್ನು ತಿರುವಿ ಮುರುವಿ ನೋಡಿದಳು. ಭಾಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಆ ಕಣ್ಣಲ್ಲಿ ನಗುವೂ ಇರಲಿಲ್ಲ, ನೀರೂ ಇರಲಿಲ್ಲ.

"ಹೌದ್ರಿ," ಎಂದಳು. "ಅವರದs."

ಇಬ್ಬರು ಮುದುಕಿಯರು ಅವಳನ್ನು ಮೆಟ್ಟಿಲಿಗೆ ಕೂರಿಸಿ, ಕೈ ಹಿಡಿದು ಕಲ್ಲಿಗೆ ಬಡಿದರು. ಹಸಿರು ಬಳೆ ಚೂರಾದವು. ಕುಂಕುಮ ಒರೆಸಿದರು. ನನ್ನ ಲೆಕ್ಕದಲ್ಲಿ ಇದೊಂದೂ ಇರಲಿಲ್ಲ. ಅವಳ ಮುಂಗೈಯಿಂದ ರಕ್ತ ಬರುತ್ತಿತ್ತು, ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತೇ ಇದ್ದೆ.

ಪೊಲೀಸರು ಬಂದು ಬರೆದುಕೊಂಡು ಹೋದರು. ಎಲುಬು ಯಾಕೆ ಸಿಗಲಿಲ್ಲ ಎಂಬುದಕ್ಕೆ ಊರವರೇ ಉತ್ತರ ಕಂಡುಕೊಂಡರು. ಟ್ರ್ಯಾಕ್ಟರುಗಳಲ್ಲಿ ಹೂಳಿನ ಜೊತೆ ಯಾರದೋ ಹೊಲ ಸೇರಿರಬೇಕು. ಹೆಣವಿಲ್ಲದ್ದಕ್ಕೆ ಉಡದಾರವನ್ನೇ ಬಿಳಿಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿದರು. ನನ್ನ ಸೊಂಟದ ಬೆಳ್ಳಿಗೆ ಊರೇ ಹಿಡಿ ಹಿಡಿ ಮಣ್ಣು ಹಾಕಿತು. ಸಾಲಿನಲ್ಲಿ ನಿಂತು ನಾನೂ ಒಂದು ಹಿಡಿ ಹಾಕಿದೆ.

ಮಳೆ ಚಲೋ ಆಯಿತು. ಕೆರೆ ತುಂಬಿತು. ದೇಣಿಗೆ ಕೊಟ್ಟವರೆಲ್ಲ ಬಂದು ನೋಡಿ ಹೋದರು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೂರು ತಿಂಗಳಾದ ಮೇಲೆ ಅವಳೇ ರೋಣದ ಆಫೀಸಿಗೆ ಬಂದಳು. ಬರಿಗೈ, ಬರಿಹಣೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅವರ ಉಡದಾರ ಅವರು ಹೋಗೂಕಿಂತ ಮೊದಲs ಮಾರಿದ್ವಿ," ಎಂದಳು. "ನನ್ನ ಹೊಟ್ಟ್ಯಾಗಿನ ಕೂಸು ಹೋತು. ದವಾಖಾನಿ ಖರ್ಚಿಗೆ ನಾನs ಗಜೇಂದ್ರಗಡಕ್ಕ ಹೋಗಿ ಕೊಟ್ಟು ಬಂದೆ. ಅವ್ವಗ ಹೇಳಿರಲಿಲ್ಲ. ಆವತ್ತು ಅವರ ಸೊಂಟದಾಗ ಇದ್ದದ್ದು ಬರೀ ಕರಿದಾರ."

ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಹಂಗಾರ ಯಾಕ ಹೌದು ಅಂದ್ರಿ?"

"ನೀವು ಯಾಕ ಹುಗದ್ರಿ?" ಎಂದಳು. "ನಾನೂ ಅದಕ್ಕs ಅಂದೆ."

ನಾನು ಎದ್ದು ನಿಂತೆ. ಮುಟ್ಟುವ ಧೈರ್ಯ ಬರಲಿಲ್ಲ.

"ಇಬ್ರೂ ಕೂಡೇ ಒಬ್ಬ ಮನಶ್ಯಾನ್ನ ಮಣ್ಣ ಮಾಡೀವಿ, ಸರ್. ಸತ್ತಾನೋ ಇಲ್ಲೋ ನೋಡದs. ಅವ್ವ ನಾಕ ವರ್ಷ ಬಾಗಿಲಾ ತೆರದಿಟ್ಟು ಮಲಗ್ತಿದ್ಲು. ಈಗ ಚಿಲಕಾ ಹಾಕ್ಕೊಂಡು ಮಲಗ್ತಾಳ."

"ನಾ ಖರೇ ಹೇಳಿಬಿಡ್ತೀನಿ ಆಕಿಗೆ."

"ಹೇಳಬ್ಯಾಡ್ರಿ. ಆಕಿಗೆ ಇನ್ನೊಮ್ಮೆ ಆಸೆ ಹಚ್ಚಬ್ಯಾಡ್ರಿ." ಮೂಗು ಒರೆಸಿಕೊಂಡಳು. "ನಾ ಹೂಂ ಅಂತೀನಿ. ನನಗೂ ನಿಮ್ಮನ್ನ ಬಿಟ್ಟಿರೂದು ಆಗವಲ್ದು. ಆದ್ರ ಅವ್ವನ್ನ ಬಿಟ್ಟು ಬರೂದಿಲ್ಲ. ನೀವs ನಮ್ಮ ಮನಿಗೆ ಬರ್ರಿ. ಇನ್ನ ಒಂದ ಮಾತು. ಬಾಗಿಲಾ ಯಾರರೆ ಬಡದ್ರ ನೀವs ಎದ್ದು ತಗೀಬೇಕು. ನಾ ತಗಿಯಂಗಿಲ್ಲ, ಅವ್ವನ ಕಡೆಯಿಂದ ತಗಸಂಗಿಲ್ಲ. ಅವರೇನರೆ ತಿರುಗಿ ಬಂದು ನಿಂತಿದ್ರ, ನೀ ಯಾರು ಅಂತ ಕೇಳಿದ್ರ, ನೀವs ಹೇಳಬೇಕು."

ಹೂಂ ಅಂದೆ. ಇಡೀ ಜನ್ಮದಲ್ಲಿ ನಾನು ಆಡಿದ ಅತಿ ಸಣ್ಣ ಮಾತು ಅದು. ಆಗ ಅವಳು ಮುಂದೆ ಬಂದು, ಬಳೆಯ ಗಾಯ ಇನ್ನೂ ಕಾಣುತ್ತಿದ್ದ ಕೈಯನ್ನು ನನ್ನ ಎದೆಯ ಮೇಲಿಟ್ಟಳು. ಹಣೆ ಒತ್ತಿ ಸದ್ದಿಲ್ಲದೆ ಅತ್ತಳು. ನಾನೂ ಅತ್ತೆ.

ಮರುಮದುವೆಗೆ ನಮ್ಮ ಕಡೆ ಹೆಚ್ಚು ಗದ್ದಲವಿಲ್ಲ. ಇಟಗಿಯ ಗುಡಿಯಲ್ಲಿ ಅಡಿವೆವ್ವನೇ ನಿಂತು ಮಾಡಿಸಿದಳು. ಈಗ ನನ್ನನ್ನು ಮಗನನ್ನು ಕರೆಯುವಂತೆ ತಮ್ಮಾ ಎನ್ನುತ್ತಾಳೆ, ಬಿಸಿ ರೊಟ್ಟಿ ಮೊದಲು ನನ್ನ ತಾಟಿಗೆ ಹಾಕುತ್ತಾಳೆ. ಕೆರೆಯ ನೀರು ಸಿಹಿಯಾಗಿದೆ. ಅನಿತಾ ಮತ್ತೆ ನಗುತ್ತಾಳೆ, ಮೊದಲು ಕಣ್ಣಿನಿಂದ. ನಾವು ಸುಖವಾಗಿದ್ದೇವೆ ಎಂದು ಯಾರು ಬೇಕಾದರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ.

ದಿನಕ್ಕೆ ನಾಲ್ಕೈದು ಸಲ ಯಾರಾದರೂ ಬಾಗಿಲು ಬಡಿಯುತ್ತಾರೆ. ಹಾಲಿನವಳು, ಸಂಘದ ಹೆಣ್ಣುಮಕ್ಕಳು, ಮೀಟರ್ ಓದುವವನು. ಒಳಗೆ ಅನಿತಾ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ನಾನು ಎದ್ದು ಹೋಗಿ ಚಿಲಕ ತೆಗೆಯುತ್ತೇನೆ.